ಗಣಿಯಿಂದ ಮಂತ್ರಿಗಿರಿಗೆ: ಅನೈರಿನ್ ಬೆವನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಚಿಕ್ಕಪ್ಪನ ಮಗ ವೇಲ್ಸ್‌ನಲ್ಲಿ ಡಾಕ್ಟರ್. ಕೆಲಸಕ್ಕೆ ಸೇರಿದ ವಾರ ಕೊರಳಿಗೆ ಹಾಕುವ ಐಡಿ ಕಾರ್ಡಿನ ಫೋಟೋ ಕಳಿಸಿದ. ಮೇಲೆ "ಅನೈರಿನ್ ಬೆವನ್ ಯೂನಿವರ್ಸಿಟಿ ಹೆಲ್ತ್ ಬೋರ್ಡ್" ಅಂತ ಇತ್ತು. "ಅಣ್ಣಾ, ಯಾರಿದು ಬೆವನ್? ಇಲ್ಲಿ ಎಲ್ಲರೂ ಮನೆಯವರ ಥರ ಮಾತಾಡ್ತಾರೆ" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. ಹುಡುಕಿ ಓದಲು ಶುರು ಮಾಡಿದೆ, ಬಿಡಲು ಆಗಲಿಲ್ಲ. ಈಗ ಮನೆಯಲ್ಲಿ, ಗೆಳೆಯರ ಜೊತೆ ಈ ಮನುಷ್ಯನ ಸುದ್ದಿ ಎತ್ತಿದಾಗಲೆಲ್ಲ ಅವವೇ ಪ್ರಶ್ನೆ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಚುಟುಕಾಗಿ ಹೇಳಿ, ಯಾರಿವರು?

ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ. 13ನೇ ವಯಸ್ಸಿಗೆ ಕಲ್ಲಿದ್ದಲು ಗಣಿಗೆ ಇಳಿದ ಹುಡುಗ. 47ನೇ ವಯಸ್ಸಿಗೆ ಆರೋಗ್ಯ ಮಂತ್ರಿ. ದುಡ್ಡು ಕೇಳದೆ ಎಲ್ಲರಿಗೂ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ (ನ್ಯಾಷನಲ್ ಹೆಲ್ತ್ ಸರ್ವಿಸ್) ಅನ್ನು 1948ರಲ್ಲಿ ಶುರು ಮಾಡಿದವರು. ಹುಟ್ಟಿದ್ದು 1897ರ ನವೆಂಬರ್ 15, ತೀರಿಕೊಂಡಿದ್ದು 1960ರ ಜುಲೈ 6.

ಹೆಸರನ್ನು ಹೇಗೆ ಹೇಳಬೇಕು?

ಅ-ನೈ-ರಿನ್. ವೇಲ್ಸ್ ಭಾಷೆಯ ಹೆಸರು. ಊರಿನವರು, ಗೆಳೆಯರು ಕರೆಯುತ್ತಿದ್ದದ್ದು ಸುಮ್ನೆ "ನೈ" ಅಂತ. ಊರು ಟ್ರೆಡೀಗರ್, ಗೆದ್ದ ಕ್ಷೇತ್ರ ಎಬು ವೇಲ್. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಓದಲು ಹೋದರೆ ನಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಆರು ತಿಂಗಳು "ಎಬ್‌ಡಬ್ಲ್ಯೂ ವೇಲ್" ಅನ್ನುತ್ತಿದ್ದೆ. ತಮ್ಮ ನಕ್ಕು ತಿದ್ದಿದ.

ಬೆವನ್, ಬೆವಿನ್, ಬೆವರಿಜ್ ಮೂವರೂ ಒಬ್ಬರೇನಾ?

ಅಲ್ಲ. ಆದರೆ ಮೂವರೂ ಒಂದೇ ಕಾಲದವರು, ಒಂದೇ ಕಥೆಯಲ್ಲಿ ಬರುವವರು. ಹಾಗಾಗಿ ಗೊಂದಲ ಆಗದಿದ್ದರೇ ಆಶ್ಚರ್ಯ.

ಅರ್ನೆಸ್ಟ್ ಬೆವಿನ್ ಕೂಡ ಬಡವರ ಮನೆ ಹುಡುಗ. ಸಣ್ಣವರಿದ್ದಾಗಲೇ ಅನಾಥರಾದರು, ಬ್ರಿಸ್ಟಲ್‌ನಲ್ಲಿ ಗಾಡಿ ಹೊಡೆದರು, ದೊಡ್ಡ ಸಾರಿಗೆ ಕಾರ್ಮಿಕ ಸಂಘ ಕಟ್ಟಿದರು, ವಿದೇಶ ಮಂತ್ರಿಯಾದರು. ಇಬ್ಬರೂ ಒಂದೇ ಪಕ್ಷ, ಒಂದೇ ಸಂಪುಟ. ಆದರೆ ಇಬ್ಬರಿಗೂ ಆಗುತ್ತಿರಲಿಲ್ಲ. "ಬೆವನ್‌ಗೆ ಬೆವನ್ನೇ ದೊಡ್ಡ ಶತ್ರು" ಅಂತ ಯಾರೋ ಅಂದಾಗ ಬೆವಿನ್, "ನಾನು ಬದುಕಿರೋ ತನಕ ಅಲ್ಲ" ಅಂದರಂತೆ. ಈ ಮಾತು ಬೇರೆ ಮಂತ್ರಿಯ ಬಗ್ಗೆ ಆಡಿದ್ದು ಅನ್ನುವವರೂ ಇದ್ದಾರೆ. ಆದರೆ ಕಥೆ ಚೆನ್ನಾಗಿದೆ, ಬಿಡಲು ಮನಸ್ಸು ಬರುವುದಿಲ್ಲ.

ವಿಲಿಯಂ ಬೆವರಿಜ್ ಬೇರೆಯೇ ವರ್ಗದವರು. ಓದಿದವರ ಮನೆತನ, ತಂದೆ ಐಸಿಎಸ್ ಅಧಿಕಾರಿ. ಹುಟ್ಟಿದ್ದು ಬಂಗಾಳದ ರಂಗ್‌ಪುರದಲ್ಲಿ. 1942ರಲ್ಲಿ ಅವರು ಕೊಟ್ಟ ವರದಿಯಲ್ಲಿ ಎಲ್ಲರಿಗೂ ಆರೋಗ್ಯ ಸೇವೆ ಬೇಕು ಅನ್ನುವ ಮಾತಿತ್ತು. ಆ ಮಾತಿಗೆ ಆಸ್ಪತ್ರೆ, ಡಾಕ್ಟರು, ಔಷಧಿ ಜೋಡಿಸಿ ನಿಲ್ಲಿಸಿದ್ದು ಬೆವನ್.

ಮನೆ ಪರಿಸ್ಥಿತಿ ಹೇಗಿತ್ತು?

ದಕ್ಷಿಣ ವೇಲ್ಸ್‌ನ ಕಣಿವೆಯಲ್ಲಿ ಟ್ರೆಡೀಗರ್ ಅಂತ ಗಣಿ ಊರು. ಅಲ್ಲಿ ಚಾರ್ಲ್ಸ್ ಸ್ಟ್ರೀಟ್‌ನ ಸಾಲುಮನೆಯೊಂದರಲ್ಲಿ ಹತ್ತು ಮಕ್ಕಳು ಹುಟ್ಟಿದರು, ಎಲ್ಲರೂ ಉಳಿಯಲಿಲ್ಲ. ಅಪ್ಪ ಡೇವಿಡ್ ಗಣಿ ಕಾರ್ಮಿಕ. ಅಮ್ಮ ಫೀಬಿ ಹೊಲಿಗೆ ಕೆಲಸ ಮಾಡುತ್ತಿದ್ದರು, ಮನೆಯ ಲಗಾಮು ಅವರ ಕೈಯಲ್ಲಿತ್ತು. ಅಪ್ಪನದು ಮೆದು ಸ್ವಭಾವ. ಪುಸ್ತಕ, ಹಾಡು ಅಂದರೆ ಪ್ರಾಣ.

ಶಾಲೆಯಲ್ಲಿ ನೈ ಹಿಂದೆ. ಹೆಡ್‌ಮಾಸ್ಟರ್‌ಗೆ ಈ ಹುಡುಗನನ್ನು ಕಂಡರೆ ಆಗದು, ಒಂದು ವರ್ಷ ಅದೇ ತರಗತಿಯಲ್ಲಿ ಕೂರಿಸಿದರು. ಶಾಲೆಯಲ್ಲಿರುವಾಗಲೇ ಮಾಂಸದ ಅಂಗಡಿಯಲ್ಲಿ ಸಾಮಾನು ಹೊತ್ತು ಕೊಡುವ ಕೆಲಸ. 13 ತುಂಬಿತು, ಶಾಲೆ ಮುಗಿಯಿತು, ಟೀ ಟ್ರಿಸ್ಟ್ ಗಣಿಗೆ ಇಳಿದಾಯಿತು.

ಆ ಗಣಿಗಳು, ಸುತ್ತಲಿನ ಜಮೀನು, ಊರಿನ ಅರ್ಧ ಬದುಕು ಟ್ರೆಡೀಗರ್ ಐರನ್ ಅಂಡ್ ಕೋಲ್ ಕಂಪನಿ ಕೈಯಲ್ಲಿತ್ತು. ಹುಡುಗ ಸುಮ್ಮನಿರುವ ಜಾತಿಯಲ್ಲ. ಮೇಲ್ವಿಚಾರಕರ ಜೊತೆ ವಾದ, ಜಗಳ. ಒಮ್ಮೆ ಕಂಪನಿ ನೆಪ ಹುಡುಕಿ ಕೆಲಸದಿಂದ ತೆಗೆಯಿತು. ಸಂಘ ಬಿಡಲಿಲ್ಲ. ಬೇಕೆಂದೇ ಕಾಡಿದ್ದು ಅಂತ ತೀರ್ಮಾನವಾಗಿ, ಕಂಪನಿ ವಾಪಸ್ ಕರೆದುಕೊಳ್ಳಬೇಕಾಯಿತು. 19ನೇ ವಯಸ್ಸಿಗೆಲ್ಲ ತನ್ನ ಗಣಿ ಸಂಘದ ಮುಖ್ಯಸ್ಥ.

13ಕ್ಕೇ ಶಾಲೆ ಬಿಟ್ಟವರು ಅಷ್ಟು ಓದಿದ್ದು ಯಾವಾಗ, ಎಲ್ಲಿ?

ವರ್ಕ್‌ಮೆನ್ಸ್ ಇನ್‌ಸ್ಟಿಟ್ಯೂಟ್ ಲೈಬ್ರರಿಯಲ್ಲಿ. ಗಣಿ ಕಾರ್ಮಿಕರೇ ಕೂಲಿಯಲ್ಲಿ ಕಾಸು ಹಾಕಿ ಕಟ್ಟಿಕೊಂಡ ಲೈಬ್ರರಿ ಅದು. ಯಾವ ದೊಡ್ಡಮನುಷ್ಯರ ದಾನವೂ ಅಲ್ಲ. ಹಗಲು ಭೂಮಿ ಒಳಗೆ, ರಾತ್ರಿ ಪುಸ್ತಕದ ಒಳಗೆ. ಬೆಳಗಿನ ಜಾವದವರೆಗೂ ಓದಿ, ಅದೇ ಕಣ್ಣಲ್ಲಿ ಕೆಲಸಕ್ಕೆ ಹೋಗುತ್ತಿದ್ದರು.

1919ರಲ್ಲಿ ದಕ್ಷಿಣ ವೇಲ್ಸ್ ಗಣಿ ಕಾರ್ಮಿಕರ ಒಕ್ಕೂಟ ಸ್ಕಾಲರ್‌ಶಿಪ್ ಕೊಟ್ಟು ಲಂಡನ್ನಿನ ಸೆಂಟ್ರಲ್ ಲೇಬರ್ ಕಾಲೇಜಿಗೆ ಕಳಿಸಿತು. ಎರಡು ವರ್ಷ ಇದ್ದರು. ಬೆಳಗ್ಗೆ ಬೇಗ ಏಳುವ ವಿದ್ಯಾರ್ಥಿ ಅಂತೂ ಆಗಿರಲಿಲ್ಲ!

ಊರಿಗೆ ಬಂದು ಗೆಳೆಯರ ಜೊತೆ "ಕ್ವೆರಿ ಕ್ಲಬ್" ಅಂತ ಒಂದು ಗುಂಪು ಕಟ್ಟಿದರು. ಏನನ್ನೂ ಪ್ರಶ್ನೆ ಮಾಡದೆ ಒಪ್ಪಬಾರದು ಅನ್ನುವವರ ಕೂಟ. ಕೋಟಿನ ಮೇಲೆ ಬ್ಯಾಡ್ಜ್ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಹೆಸರಿಲ್ಲ, ಘೋಷಣೆಯಿಲ್ಲ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಕಂಪನಿ ಊರಿನಲ್ಲಿ ಆ ಬ್ಯಾಡ್ಜ್ ಹಾಕಿಕೊಂಡು ಓಡಾಡುವುದು ಸಣ್ಣ ಧೈರ್ಯವಲ್ಲ.

ಉಗ್ಗು ಇತ್ತಂತೆ, ನಿಜವಾ?

ನಿಜ. ಬ್ರಿಟಿಷ್ ಸಂಸತ್ತು ಕಂಡ ಅತ್ಯುತ್ತಮ ಮಾತುಗಾರರಲ್ಲಿ ಒಬ್ಬರು ಚಿಕ್ಕಂದಿನಲ್ಲಿ ಜೋರಾಗಿ ಉಗ್ಗುತ್ತಿದ್ದರು. ಬಿಟ್ಟಿದ್ದು ಹೇಗೆ ಅಂದರೆ, ಹೇಳಲು ಬಾರದ ಪದ ಎದುರಾದರೆ ಅದನ್ನು ದಾಟಿ ಅದೇ ಅರ್ಥದ ಇನ್ನೊಂದು ಪದ ಹಿಡಿಯುವುದು. ಅದಕ್ಕೆ ಪದಗಳ ರಾಶಿಯೇ ಬೇಕಲ್ವಾ? ಹಾಗಾಗಿ ಸಮಾನಾರ್ಥಕ ಪದಕೋಶ ಹಿಡಿದು ಕೂತರು. ಗುಡ್ಡದ ಮೇಲೆ ಒಬ್ಬರೇ ನಡೆಯುತ್ತಾ ಜೋರಾಗಿ ಪದ್ಯ ಹೇಳುತ್ತಿದ್ದರು. ಅವರ ಭಾಷಣದಲ್ಲಿ ಯಾರೂ ನಿರೀಕ್ಷಿಸದ ಪದ ಥಟ್ಟನೆ ಬಂದು ಕೂರುತ್ತದೆ, ಕೇಳಿದವರು ಬೆರಗಾಗುತ್ತಿದ್ದರು. ಅದರ ಬೇರು ಈ ಉಗ್ಗಿನಲ್ಲಿದೆ ಅನ್ನುವುದು ನನ್ನ ಲೆಕ್ಕ.

ಮೊದಲ ಮಹಾಯುದ್ಧಕ್ಕೆ ಹೋಗಿದ್ದರಾ?

ಇಲ್ಲ. ಆ ಯುದ್ಧ ತನ್ನದಲ್ಲ ಅಂತಲೇ ಅವರ ವಾದ. ಕೋರ್ಟಿನವರೆಗೂ ಹೋಯಿತು. ಕೊನೆಗೆ ಕಣ್ಣಿನ ಕಾಯಿಲೆಯ ಸರ್ಟಿಫಿಕೇಟ್ ಮೇಲೆ ಬಿಟ್ಟರು. ಗಣಿಯ ಮಬ್ಬು ಬೆಳಕಿನಲ್ಲಿ ದುಡಿದವರಿಗೆ ಕಣ್ಣುಗುಡ್ಡೆ ತಾನಾಗಿ ಅದುರುವ ನಿಸ್ಟಾಗ್ಮಸ್ ಬರುತ್ತಿತ್ತು, ಇವರಿಗೂ ಬಂದಿತ್ತು.

ಟೋರಿಗಳ, ಅಂದರೆ ಕನ್ಸರ್ವೇಟಿವ್ ಪಕ್ಷದವರ ಮೇಲೆ ಅಷ್ಟು ಸಿಟ್ಟು ಯಾಕೆ?

ಕಾಲೇಜು ಮುಗಿಸಿ 1921ರಲ್ಲಿ ಊರಿಗೆ ಬಂದರೆ ಕೆಲಸವಿಲ್ಲ. ಕಂಪನಿ ಸೇರಿಸಿಕೊಳ್ಳಲಿಲ್ಲ. ಹೆಚ್ಚುಕಡಿಮೆ ಮೂರು ವರ್ಷ ಹಾಗೇ. ಸರ್ಕಾರದ ನಿರುದ್ಯೋಗ ಭತ್ಯೆ ಬರುತ್ತಿತ್ತು. ಅದನ್ನೂ ನಿಲ್ಲಿಸಿದರು. ಕಾರಣ, ಮನೆಯಲ್ಲಿ ತಂಗಿ ದುಡಿಯುತ್ತಿದ್ದಾಳೆ, ಅವಳ ದುಡ್ಡಲ್ಲಿ ಬದುಕು ಅಂತ. ಇನ್ನೊಂದು ಸಲಹೆಯೂ ಸಿಕ್ಕಿತು: ದೇಶ ಬಿಟ್ಟು ಹೋಗು. ಇದನ್ನು ಅವರು ಸಾಯುವ ತನಕ ಮರೆಯಲಿಲ್ಲ.

1925ರಲ್ಲಿ ಅಪ್ಪ ತೀರಿಕೊಂಡರು. ಜೀವಮಾನವಿಡೀ ಕುಡಿದ ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಕೂತಿತ್ತು. ಮಗನ ತೋಳಲ್ಲೇ ಉಸಿರು ನಿಂತಿತು. ಪರಿಹಾರ ಒಂದು ಪೆನ್ನಿಯೂ ಬರಲಿಲ್ಲ, ಯಾಕೆಂದರೆ ಆಗ ಅದು ಕೆಲಸದಿಂದ ಬಂದ ಕಾಯಿಲೆ ಅಂತ ಕಾನೂನು ಒಪ್ಪುತ್ತಿರಲಿಲ್ಲ. ಮಾರನೇ ವರ್ಷ, 1926ರಲ್ಲಿ, ದೇಶಾದ್ಯಂತ ಮುಷ್ಕರ. ಮುಷ್ಕರ ಒಂಬತ್ತು ದಿನಕ್ಕೆ ಮುಗಿಯಿತು. ಗಣಿ ಕಾರ್ಮಿಕರು ಮಾತ್ರ ಆರೇಳು ತಿಂಗಳು ಹೊರಗೇ ನಿಂತು, ಹಸಿದು, ಸೋತು ಒಳಗೆ ಹೋದರು. ಸಂಘದ ಪರವಾಗಿ ಊಟ, ಪರಿಹಾರ ನೋಡಿಕೊಳ್ಳುತ್ತಿದ್ದವರು ಇವರೇ.

ಎನ್‌ಎಚ್‌ಎಸ್‌ನ ಯೋಚನೆ ಅವರಿಗೆ ಎಲ್ಲಿಂದ ಬಂತು?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ನನ್ನನ್ನು ಕೇಳಿದರೆ ಇವರ ಇಡೀ ಬದುಕಿನ ಕೀಲಿ ಇಲ್ಲೇ ಇದೆ.

ಟ್ರೆಡೀಗರ್‌ನಲ್ಲಿ ಮೆಡಿಕಲ್ ಏಡ್ ಸೊಸೈಟಿ ಅಂತ ಇತ್ತು. 1890ರ ಹೊತ್ತಿಗೆ ಶುರುವಾದದ್ದು. ಗಣಿ ಮತ್ತು ಕಬ್ಬಿಣದ ಕೆಲಸಗಾರರ ಕೂಲಿಯಲ್ಲಿ ಪೌಂಡಿಗೆ 3 ಪೆನ್ನಿ ಹಿಡಿಯುತ್ತಿದ್ದರು. ಆಗ ಪೌಂಡಿಗೆ 240 ಪೆನ್ನಿ. ಅಂದರೆ ನೂರಕ್ಕೆ ಒಂದೂಕಾಲು. ಆ ಕಾಸಿಗೆ ಇಡೀ ಮನೆಗೆ ಡಾಕ್ಟರು, ನರ್ಸು, ಔಷಧಿ, ಆಸ್ಪತ್ರೆ. ಹಲ್ಲು ಹೋದರೆ ಹಲ್ಲಿನ ಸೆಟ್ಟು, ಕಣ್ಣು ಮಂದವಾದರೆ ಕನ್ನಡಕ. ಬರಬರುತ್ತಾ ಗಣಿಯವರಷ್ಟೇ ಅಲ್ಲ, ಊರಿನ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿ ಸೇರಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಡಾಕ್ಟರಿಗೆ ಸಂಬಳ ಕೊಡುತ್ತಿದ್ದವರು ಕಾರ್ಮಿಕರು. ಡಾಕ್ಟರನ್ನು ನೇಮಿಸುವ ಕಮಿಟಿಯಲ್ಲಿ ಕೂರುತ್ತಿದ್ದವರೂ ಅವರೇ. ರೋಗಿ ಕೈಯೊಡ್ಡಿ ನಿಲ್ಲಬೇಕಾಗಿರಲಿಲ್ಲ. 1920ರ ದಶಕದಲ್ಲಿ ಬೆವನ್ ಆ ಸೊಸೈಟಿಯ ಆಸ್ಪತ್ರೆ ಕಮಿಟಿಯಲ್ಲಿದ್ದರು. ಬಜೆಟ್ ಕೂಡಿಸುವುದು, ಡಾಕ್ಟರುಗಳ ಸಂಬಳ, ಅವರ ಮುನಿಸು, ಎಲ್ಲವನ್ನೂ ಅಲ್ಲೇ ನೋಡಿ ಕಲಿತರು. ಅಂದರೆ ಮಂತ್ರಿಯಾಗುವ 20 ವರ್ಷ ಮೊದಲೇ ಆ ಕೆಲಸದ ರಿಹರ್ಸಲ್ ಆಗಿತ್ತು.

ಮುಂದೆ ಅವರೇ ಹೇಳಿದ ಮಾತಿದೆ: ಟ್ರೆಡೀಗರ್‌ನಲ್ಲಿ ನಮಗೆ ಒಂದು ತಲೆಮಾರಿನಿಂದ ಸಿಗುತ್ತಿದ್ದದ್ದನ್ನು ದೇಶಕ್ಕೆಲ್ಲ ಹರಡುತ್ತಿದ್ದೇನೆ ಅಷ್ಟೇ, ನಿಮ್ಮನ್ನೆಲ್ಲ "ಟ್ರೆಡೀಗರೀಕರಣ" ಮಾಡುತ್ತೇವೆ ಅಂತ.

ರಾಜಕೀಯಕ್ಕೆ ಬಂದದ್ದು ಹೇಗೆ?

ಇದನ್ನು ಅವರೇ ಸಂಸತ್ತಿನಲ್ಲಿ ಒಮ್ಮೆ ತಮಾಷೆಯಾಗಿ ಹೇಳಿದರು. ಚಿಕ್ಕಂದಿನಲ್ಲಿ ಅಪ್ಪ ಬೀದಿಯಲ್ಲಿ ಒಬ್ಬರನ್ನು ತೋರಿಸಿ, ಅವರು ದೊಡ್ಡ ಮನುಷ್ಯ, ಕೌನ್ಸಿಲರ್ ಅಂದರಂತೆ. ಓ, ಅಧಿಕಾರ ಇರೋದು ಕೌನ್ಸಿಲ್‌ನಲ್ಲಿ ಅಂತ ಹುಡುಗ ಅಂದುಕೊಂಡ. ಕಷ್ಟಪಟ್ಟು 1922ರಲ್ಲಿ ಟ್ರೆಡೀಗರ್ ಕೌನ್ಸಿಲ್ ಸೇರಿದರೆ, ಅಧಿಕಾರ ಅಲ್ಲಿಂದ ಎದ್ದು ಜಿಲ್ಲಾ ಕೌನ್ಸಿಲ್‌ಗೆ ಹೋಗಿತ್ತು. 1928ರಲ್ಲಿ ಮನ್ಮತ್‌ಶೈರ್ ಜಿಲ್ಲಾ ಕೌನ್ಸಿಲ್‌ಗೆ ಹೋದರು. ಅಲ್ಲಿಂದಲೂ ಅದು ಜಾಗ ಖಾಲಿ ಮಾಡಿತ್ತು, ಅದರ ಕೋಟಿನ ಬಾಲ ಮೂಲೆಯಲ್ಲಿ ಮರೆಯಾಗುತ್ತಿದ್ದದ್ದು ಮಾತ್ರ ಕಂಡಿತು.

1929ರಲ್ಲಿ ಎಬು ವೇಲ್‌ನಿಂದ ಸಂಸತ್ತಿಗೆ ಗೆದ್ದರು. ಸಾಯುವ ತನಕ 31 ವರ್ಷ ಅದೇ ಕ್ಷೇತ್ರ. ಕೋಟಿನ ಬಾಲ ಹಿಡಿಯಲು, ಅಂದರೆ 1945ರಲ್ಲಿ ಮಂತ್ರಿಯಾಗಲು, ಮಾತ್ರ ಇನ್ನೂ 16 ವರ್ಷ ಬೇಕಾಯಿತು.

ಹೆಂಡತಿಯೂ ರಾಜಕಾರಣಿಯಂತೆ?

ಹೌದು, ಜೆನ್ನಿ ಲೀ. ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳು. 1929ರ ಉಪಚುನಾವಣೆಯಲ್ಲಿ 24ನೇ ವಯಸ್ಸಿಗೇ ಗೆದ್ದರು. ಆಗಿನ ಮತದಾರರ ಪಟ್ಟಿಯಲ್ಲಿ 30 ದಾಟದ ಹೆಂಗಸರಿಗೆ ಜಾಗವಿರಲಿಲ್ಲ. ಅಂದರೆ ಓಟು ಹಾಕುವಂತಿಲ್ಲ, ಗೆದ್ದು ಸಂಸತ್ತಿನಲ್ಲಿ ಕೂರಬಹುದು! 1934ರಲ್ಲಿ ಮದುವೆ. ಗಂಡ ಹೋದ ಮೇಲೆ ಮಂತ್ರಿಯಾಗಿ ಓಪನ್ ಯೂನಿವರ್ಸಿಟಿ ಹುಟ್ಟಿಗೆ ಕಾರಣರಾದರು. ಅವರ ಬಗ್ಗೆಯೇ ಇನ್ನೊಂದು ಇಷ್ಟು ಬರೆಯಬಹುದು.

ಚರ್ಚಿಲ್ ಜೊತೆ ಜಗಳ ಏನು?

ಎರಡನೇ ಮಹಾಯುದ್ಧದಲ್ಲಿ ಲೇಬರ್ ಪಕ್ಷವೂ ಚರ್ಚಿಲ್ ಸರ್ಕಾರದೊಳಗಿತ್ತು. ವಿರೋಧ ಮಾಡುವವರೇ ಇಲ್ಲ. ಬೆವನ್ ಎದ್ದು ನಿಂತರು. ಹಿಟ್ಲರ್ ಸೋಲಬೇಕು ಅನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೆ ಯುದ್ಧ ನಡೆಸುವ ರೀತಿಯನ್ನು ಪ್ರಶ್ನೆ ಮಾಡಬಾರದೇ ಅನ್ನುವುದು ಅವರ ಪಟ್ಟು. 1942ರ ಜುಲೈನಲ್ಲಿ, ಉತ್ತರ ಆಫ್ರಿಕಾದ ಟೊಬ್ರುಕ್ ಶತ್ರುಗಳ ಕೈಗೆ ಬಿದ್ದ ಮೇಲೆ ನಡೆದ ಅವಿಶ್ವಾಸದ ಚರ್ಚೆಯಲ್ಲಿ ಅಂದರು: ಪ್ರಧಾನಿ ಚರ್ಚೆ ಮೇಲೆ ಚರ್ಚೆ ಗೆಲ್ಲುತ್ತಾರೆ, ಕದನ ಮೇಲೆ ಕದನ ಸೋಲುತ್ತಾರೆ. ಚರ್ಚೆಯನ್ನು ಯುದ್ಧದಂತೆ ಮಾಡುತ್ತಾರೆ, ಯುದ್ಧವನ್ನು ಚರ್ಚೆಯಂತೆ.

ಚರ್ಚಿಲ್ ಇವರನ್ನು "ಹೊಲಸು ಪೀಡೆ" ಅಂತ ಕರೆದರು. ಬಾಂಬ್ ಬೀಳುತ್ತಿದ್ದ ಕಾಲದಲ್ಲಿ ಜನರಿಗೆ ಚರ್ಚಿಲ್ ದೇವರು. ಬೆವನ್ ಮನೆಗೆ ಬೈಗುಳದ ಪತ್ರಗಳ ರಾಶಿ ಬರುತ್ತಿತ್ತು.

ಎನ್‌ಎಚ್‌ಎಸ್‌ನಲ್ಲಿ ಅವರು ಮಾಡಿದ್ದೇನು? ಯೋಜನೆ ಮೊದಲೇ ಇತ್ತಲ್ಲ?

ಇತ್ತು. ಬೆವರಿಜ್ ವರದಿ ಇತ್ತು, 1944ರಲ್ಲಿ ಹಿಂದಿನ ಸರ್ಕಾರದ ಶ್ವೇತಪತ್ರವೂ ಬಂದಿತ್ತು. ಆದರೆ ಆಸ್ಪತ್ರೆಗಳು ಯಾರವು? ಒಂದಷ್ಟು ದಾನದ ದುಡ್ಡಿನವು, ಒಂದಷ್ಟು ನಗರಸಭೆಯವು. ಶ್ರೀಮಂತ ಊರಿನಲ್ಲಿ ಒಳ್ಳೆಯ ಆಸ್ಪತ್ರೆ, ಗಣಿ ಊರಿನಲ್ಲಿ ಹರಕು ಆಸ್ಪತ್ರೆ. ಬೆವನ್ ಎಲ್ಲವನ್ನೂ ಸರ್ಕಾರದ ಕೈಗೆ ತೆಗೆದುಕೊಂಡರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2,600ಕ್ಕೂ ಹೆಚ್ಚು ಆಸ್ಪತ್ರೆ. ಇದು ಅವರದೇ ನಿರ್ಧಾರ. ಸಂಪುಟದಲ್ಲೇ ಹರ್ಬರ್ಟ್ ಮಾರಿಸನ್ ವಿರೋಧಿಸಿದರು, ಲಂಡನ್ ಕೌನ್ಸಿಲ್‌ನ ಆಸ್ಪತ್ರೆಗಳನ್ನು ಬೆಳೆಸಿದವರು ಅವರು. ಪ್ರಧಾನಿ ಅಟ್ಲಿ ಬೆವನ್ ಪರ ನಿಂತರು.

ಇನ್ನೊಂದು, ದುಡ್ಡು ವಿಮೆಯಿಂದಲ್ಲ, ಹೆಚ್ಚಿನ ಪಾಲು ತೆರಿಗೆಯಿಂದ ಬರಬೇಕು. ವಂತಿಗೆ ಕಟ್ಟಿದ್ದೀಯಾ ಅಂತ ರೋಗಿಯನ್ನು ಕೇಳುವಂತಿಲ್ಲ. 1946ರ ನವೆಂಬರ್‌ನಲ್ಲಿ ಕಾಯ್ದೆ ಪಾಸಾಯಿತು.

ಡಾಕ್ಟರುಗಳೇ ವಿರೋಧಿಸಿದ್ದರಂತೆ?

ಭಾರೀ ವಿರೋಧ. ನಮ್ಮನ್ನು ಸಂಬಳದ ಸರ್ಕಾರಿ ನೌಕರರಾಗಿ ಮಾಡುತ್ತಾರೆ ಅನ್ನುವ ಹೆದರಿಕೆ. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್‌ನ ಮಾಜಿ ಕಾರ್ಯದರ್ಶಿಯೊಬ್ಬರು ಇದನ್ನು ನಾಜಿ ಜರ್ಮನಿಗೆ ಹೋಲಿಸಿದರು. 1948ರ ಫೆಬ್ರವರಿಯಲ್ಲಿ ಸಂಘ ತನ್ನ ಸದಸ್ಯರ ಮತ ಕೇಳಿದಾಗ ಸುಮಾರು 40 ಸಾವಿರ ಜನ ಬೇಡ ಅಂದರು, ಬೇಕು ಅಂದವರು 5 ಸಾವಿರಕ್ಕಿಂತ ಕಡಿಮೆ. ಶುರುವಾಗಲು ಉಳಿದದ್ದು ಐದೇ ತಿಂಗಳು!

ಗಣಿಯಲ್ಲಿ ಸಂಘ ನಡೆಸಿದವರಿಗೆ ಎದುರಿನ ಸಂಘವನ್ನು ಹೇಗೆ ಬಿಡಿಸಬೇಕು ಅಂತ ಗೊತ್ತಿರುತ್ತದೆ, ಅಲ್ವಾ? ಬೆವನ್ ಮೊದಲು ದೊಡ್ಡ ಆಸ್ಪತ್ರೆಗಳ ಸ್ಪೆಷಲಿಸ್ಟ್‌ಗಳ ಕಡೆ ತಿರುಗಿದರು. ಅವರ ಪರ ಮಾತಾಡಿದ್ದು ಲಾರ್ಡ್ ಮೊರಾನ್, ಚರ್ಚಿಲ್ಲರ ಸ್ವಂತ ಡಾಕ್ಟರು. ಒಳ್ಳೆಯ ಸಂಬಳ, ಜೊತೆಗೆ ಸರ್ಕಾರಿ ಆಸ್ಪತ್ರೆಯಲ್ಲೇ ಖಾಸಗಿ ರೋಗಿಗಳಿಗೆ ಹಾಸಿಗೆ. ಒಪ್ಪಿದರು. "ಅವರ ಬಾಯಿಗೆ ಚಿನ್ನ ತುರುಕಿದೆ" ಅಂತ ಆಮೇಲೆ ಬೆವನ್ ಅಂದರಂತೆ. ಊರಿನ ಸಾಮಾನ್ಯ ಡಾಕ್ಟರುಗಳಿಗೆ, ಪೂರ್ತಿ ಸಂಬಳದ ನೌಕರಿ ಹೇರುವುದಿಲ್ಲ ಅಂತ ಕಾನೂನಿನಲ್ಲೇ ಬರೆದುಕೊಡುವ ಭರವಸೆ. ಮೇ ತಿಂಗಳ ಮತದಲ್ಲಿ ವಿರೋಧ ಕರಗಿತು.

ರಾಜಿ ಜಾಸ್ತಿ ಆಯಿತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಖಾಸಗಿ ಹಾಸಿಗೆಯ ವಿಷಯದಲ್ಲಿ ನನಗೂ ಹಾಗೇ ಅನಿಸುತ್ತದೆ. ಆದರೆ ಜುಲೈ 5ಕ್ಕೆ ಬಾಗಿಲು ತೆರೆಯಬೇಕಿತ್ತು, ಡಾಕ್ಟರಿಲ್ಲದೆ ತೆರೆಯುವುದು ಹೇಗೆ?

1948ರ ಜುಲೈ 5ರಂದು ಏನಾಯಿತು?

ಬೆವನ್ ಮ್ಯಾಂಚೆಸ್ಟರ್ ಹತ್ತಿರದ ಪಾರ್ಕ್ ಆಸ್ಪತ್ರೆಗೆ ಹೋದರು. ನರ್ಸುಗಳು ಸಾಲಾಗಿ ನಿಂತಿದ್ದರು. ಹಾಸಿಗೆಯಲ್ಲಿದ್ದ 13 ವರ್ಷದ ಹುಡುಗಿಯನ್ನು ಮಾತಾಡಿಸಿದರು. ಎನ್‌ಎಚ್‌ಎಸ್‌ನ ಮೊದಲ ರೋಗಿ ಅಂತ ಹೆಸರಾದದ್ದು ಅವಳೇ.

ನನಗೆ ಇದಕ್ಕಿಂತ ಇಷ್ಟವಾದದ್ದು ಹಿಂದಿನ ರಾತ್ರಿಯ ಕಥೆ. ವೇಲ್ಸ್‌ನ ಅಮ್ಮನ್ ವ್ಯಾಲಿ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಹೆರಿಗೆ ನೋವು. ಗಡಿಯಾರ ಹನ್ನೆರಡರ ಹತ್ತಿರ. ಸಾಮಾನ್ಯವಾಗಿ "ತಳ್ಳಮ್ಮಾ, ತಳ್ಳು" ಅನ್ನುವವರು ಅವತ್ತು "ತಡಕೋ, ಸ್ವಲ್ಪ ತಡಕೋ" ಅನ್ನುತ್ತಿದ್ದರು. ಹನ್ನೆರಡಕ್ಕೆ ಮೊದಲು ಹುಟ್ಟಿದರೆ ಬಿಲ್ಲು, ಆಮೇಲೆ ಹುಟ್ಟಿದರೆ ಇಲ್ಲ. ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ಅನೈರಿನ್ ಹೆಸರನ್ನೇ ಹೆಣ್ಣಾಗಿಸಿ ಅದಕ್ಕೆ ಇಟ್ಟರು.

ಆಮೇಲೆ ಜನ ಮುಗಿಬಿದ್ದರು. ಮೊದಲ ವರ್ಷದಲ್ಲೇ 50 ಲಕ್ಷಕ್ಕೂ ಹೆಚ್ಚು ಕನ್ನಡಕ ಹೋದವು. ಅಷ್ಟು ದಿನ ಬಡವರು ಅಂಗಡಿಯ ಟ್ರೇಯಲ್ಲಿ ಬಿದ್ದಿದ್ದ ಕನ್ನಡಕಗಳನ್ನು ಒಂದೊಂದಾಗಿ ಹಾಕಿ ನೋಡಿ, ಹೇಗೋ ಕಂಡರೆ ಸಾಕು ಅಂತ ಕೊಳ್ಳುತ್ತಿದ್ದರು. ಜನ ಪುಕ್ಕಟೆ ಅಂತ ನುಗ್ಗಿದರು ಅಂತ ಪತ್ರಿಕೆಗಳು ಬರೆದವು. ಪುಕ್ಕಟೆ ಅಂತ ಯಾರೂ ಹಲ್ಲು ಕೀಳಿಸಿಕೊಳ್ಳುವುದಿಲ್ಲ. ಅಷ್ಟು ವರ್ಷ ನೋವು ನುಂಗಿಕೊಂಡು ಕೂತಿದ್ದವರು ಎದ್ದು ಬಂದರು ಅಷ್ಟೇ.

ಮನೆ ಕಟ್ಟಿಸುವ ಖಾತೆಯೂ ಅವರದೇ ಅಲ್ವಾ?

ಹೌದು, ಆಗ ಆರೋಗ್ಯ ಮತ್ತು ವಸತಿ ಎರಡೂ ಒಂದೇ ಖಾತೆ. ಬಾಂಬಿಗೆ ಲಕ್ಷಗಟ್ಟಲೆ ಮನೆ ಹೋಗಿದ್ದವು. ಮರ ಇಲ್ಲ, ಇಟ್ಟಿಗೆ ಇಲ್ಲ, ದುಡ್ಡಿಲ್ಲ. ಜನ ಖಾಲಿ ಮಿಲಿಟರಿ ಶೆಡ್ಡುಗಳಿಗೆ ನುಗ್ಗಿ ವಾಸ ಮಾಡುತ್ತಿದ್ದರು. ಬೇಗ ಬೇಗ ಸಣ್ಣ ಮನೆ ಕಟ್ಟಿ ಅಂತ ಎಲ್ಲರ ಒತ್ತಡ. ಬೆವನ್ ಕೇಳಲಿಲ್ಲ. ಸರ್ಕಾರಿ ಮನೆ ಅಂದರೆ 900 ಚದರಡಿ, ಮೂರು ಮಲಗುವ ಕೋಣೆ, ಮೇಲೊಂದು ಕೆಳಗೊಂದು ಶೌಚಾಲಯ. ಎಷ್ಟು ಮನೆ ಕಟ್ಟಿದಿರಿ ಅಂತ ಒಂದೆರಡು ವರ್ಷ ಕೇಳುತ್ತಾರೆ, ಎಂಥ ಮನೆ ಕಟ್ಟಿದಿರಿ ಅಂತ ಹತ್ತು ವರ್ಷವಾದ ಮೇಲೆ ಕೇಳುತ್ತಾರೆ ಅನ್ನುವುದು ಅವರ ಉತ್ತರ. ಸಾಲುಮನೆಯಲ್ಲಿ ಬೆಳೆದವರ ಹಟ ಅದು. ಆದರೂ ಸಂಖ್ಯೆ ಸಾಲಲಿಲ್ಲ, ಆ ಟೀಕೆ ಸುಳ್ಳಲ್ಲ.

"ಹೆಗ್ಗಣಕ್ಕಿಂತ ಕಡೆ" ಅಂತ ಯಾರನ್ನು ಬೈದರು?

ಟೋರಿ ಪಕ್ಷವನ್ನು. ಅದೂ ಎಂಥ ದಿನ! ಎನ್‌ಎಚ್‌ಎಸ್ ಶುರುವಾಗುವ ಹಿಂದಿನ ದಿನ, ಮ್ಯಾಂಚೆಸ್ಟರ್‌ನ ಸಭೆಯಲ್ಲಿ. ಅಟ್ಲಿ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವ ಮಾತಾಡುತ್ತಿದ್ದರೆ, ಇವರಿಗೆ ತಂಗಿಯ ದುಡ್ಡಲ್ಲಿ ಬದುಕಿದ ದಿನಗಳ ನೆನಪು ಉಕ್ಕಿತು. ನನಗೆ ಆ ಕಷ್ಟ ಕೊಟ್ಟ ಪಕ್ಷದ ಮೇಲಿನ ದ್ವೇಷವನ್ನು ಯಾವ ಪುಸಲಾವಣೆಯೂ ಕಿತ್ತುಹಾಕಲಾರದು, ಅವರು ಹೆಗ್ಗಣಕ್ಕಿಂತ ಕಡೆ ಅಂದುಬಿಟ್ಟರು.

ಮಾರನೇ ದಿನದ ಪತ್ರಿಕೆಯಲ್ಲಿ ಅದೇ ಸುದ್ದಿ. ಅಟ್ಲಿ ಬೈದು ಕಾಗದ ಬರೆದರು. ಬೆವನ್ ಮನೆ ಗೋಡೆಗೆ ಯಾರೋ ಬೈಗುಳ ಬಳಿದರು. ಟೋರಿಗಳು ಮಾತ್ರ ಜಾಣರು. ಬೈಗುಳವನ್ನೇ ಬಿರುದು ಮಾಡಿಕೊಂಡು "ವರ್ಮಿನ್ ಕ್ಲಬ್" (ಬೆವನ್ ಬಳಸಿದ ಇಂಗ್ಲಿಷ್ ಪದವೇ ವರ್ಮಿನ್) ಕಟ್ಟಿ ಬ್ಯಾಡ್ಜ್ ಹಾಕಿಕೊಂಡು ಮೆರೆದರು. ಆ ಕ್ಲಬ್ಬಿನಲ್ಲಿದ್ದ ಒಬ್ಬ ಹುಡುಗಿ ಮುಂದೆ ಮಾರ್ಗರೆಟ್ ಥ್ಯಾಚರ್ ಆದರು. ಮೂರು ವರ್ಷವಾದರೂ ಸಿಟ್ಟು ಆರಿರಲಿಲ್ಲ. 1951ರಲ್ಲಿ ಲಂಡನ್ನಿನ ವೈಟ್ಸ್ ಕ್ಲಬ್ಬಿನ ಮೆಟ್ಟಿಲ ಮೇಲೆ ಒಬ್ಬ ಸದಸ್ಯ ಬೆವನ್‌ಗೆ ಒದ್ದ.

ಮಾತು ತಪ್ಪೇ. ಪಕ್ಷಕ್ಕೂ ನಷ್ಟವಾಯಿತು. ಆದರೆ ಆ ಸಿಟ್ಟು ನಾಟಕದ್ದಲ್ಲ.

ಬಡವರ ಪರ ಅಂತಾರೆ, ಆದರೆ ಶಾಂಪೇನ್ ಕುಡಿಯುತ್ತಿದ್ದರಂತೆ?

ಕುಡಿಯುತ್ತಿದ್ದರು. ಒಳ್ಳೆಯ ಊಟ, ಒಳ್ಳೆಯ ಸೂಟು, ಚಿತ್ರಕಲೆ, ಶ್ರೀಮಂತರ ಮನೆಯ ಪಾರ್ಟಿ ಎಲ್ಲ ಇತ್ತು. ಚರ್ಚಿಲ್ ಗೆಳೆಯ ಬ್ರೆಂಡನ್ ಬ್ರ್ಯಾಕನ್ ಇವರಿಗೆ "ಬೊಲಿಂಜರ್ ಬೊಲ್ಶೆವಿಕ್" ಅಂತ ಹೆಸರಿಟ್ಟ. ಬೊಲಿಂಜರ್ ದುಬಾರಿ ಶಾಂಪೇನ್, ಬೊಲ್ಶೆವಿಕ್ ಅಂದರೆ ರಷ್ಯಾದ ಕಮ್ಯುನಿಸ್ಟ್ ಕ್ರಾಂತಿಕಾರಿ. ಗಣಿಯಿಂದ ಬಂದವನು ಬದುಕಿಡೀ ಮಸಿ ಬಟ್ಟೆಯಲ್ಲೇ ಇರಬೇಕು ಅನ್ನುವ ನಿರೀಕ್ಷೆ ನನಗೆ ಅರ್ಥವಾಗುವುದಿಲ್ಲ. ಒಳ್ಳೆಯದು ಎಲ್ಲರಿಗೂ ಸಿಗಲಿ ಅಂತ ತಾನೇ ಅವರು ಹೋರಾಡಿದ್ದು?

ಅಷ್ಟು ಮಾಡಿ ರಾಜೀನಾಮೆ ಯಾಕೆ ಕೊಟ್ಟರು?

ಕನ್ನಡಕ ಮತ್ತು ಹಲ್ಲಿನ ಸೆಟ್ಟಿಗಾಗಿ. 1951ರಲ್ಲಿ ಕೊರಿಯಾ ಯುದ್ಧದಿಂದ ರಕ್ಷಣಾ ಖರ್ಚು ಏರಿತ್ತು. ಹಣಕಾಸು ಮಂತ್ರಿ ಹ್ಯೂ ಗೇಟ್ಸ್‌ಕೆಲ್ ಕನ್ನಡಕ, ಹಲ್ಲಿನ ಸೆಟ್ಟಿನ ಅರ್ಧ ಬೆಲೆಯನ್ನು ರೋಗಿಯೇ ಕೊಡಲಿ ಅಂದರು. ಉಳಿಯುತ್ತಿದ್ದದ್ದು ಆ ವರ್ಷಕ್ಕೆ 1.3 ಕೋಟಿ ಪೌಂಡ್, ಬಜೆಟ್ ಲೆಕ್ಕದಲ್ಲಿ ಚಿಲ್ಲರೆ. ಆದರೆ ಟ್ರೆಡೀಗರ್‌ನ ಸೊಸೈಟಿಯೇ ಕೊಡುತ್ತಿದ್ದ ಎರಡು ವಸ್ತುಗಳವು. ಏಪ್ರಿಲ್‌ನಲ್ಲಿ ಬೆವನ್ ಹೊರನಡೆದರು, ಜೊತೆಗೆ ಇನ್ನಿಬ್ಬರು ಮಂತ್ರಿಗಳು, ಹೆರಾಲ್ಡ್ ವಿಲ್ಸನ್ ಮತ್ತು ಜಾನ್ ಫ್ರೀಮನ್. ಅದೇ ಅಕ್ಟೋಬರ್‌ನಲ್ಲಿ ಲೇಬರ್ ಸೋತಿತು. ಅಷ್ಟು ದೊಡ್ಡ ರಕ್ಷಣಾ ಖರ್ಚು ದೇಶಕ್ಕೆ ತಡೆಯಲಾಗದು ಅಂತಲೂ ಅವರು ಹೇಳಿದ್ದರು. ಮುಂದೆ ಬಂದ ಚರ್ಚಿಲ್ ಸರ್ಕಾರವೇ ಅದನ್ನು ಇಳಿಸಿತು.

ಈಗ ವೇಲ್ಸ್‌ನಲ್ಲಿ 2007ರಿಂದ ಡಾಕ್ಟರು ಬರೆದ ಔಷಧಿಗೆ ದುಡ್ಡಿಲ್ಲ. ಇಂಗ್ಲೆಂಡಿನಲ್ಲಿ ಇದೆ.

ಪ್ರಧಾನಿ ಯಾಕೆ ಆಗಲಿಲ್ಲ?

1955ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತರು. ಗೇಟ್ಸ್‌ಕೆಲ್‌ಗೆ 157, ಬೆವನ್‌ಗೆ 70, ಮಾರಿಸನ್‌ಗೆ 40. ಸಂಸದರಿಗೆ ಇವರ ಮೇಲೆ ಪ್ರೀತಿಯೂ ಇತ್ತು, ಭಯವೂ ಇತ್ತು. ಪಕ್ಷದಿಂದ 1939ರಲ್ಲಿ ಒಮ್ಮೆ ಹೊರಹಾಕಿದ್ದರು, 1955ರಲ್ಲಿ ಇನ್ನೊಮ್ಮೆ ಹಾಕುವುದರಲ್ಲಿದ್ದರು. ಅಂಥವರನ್ನು ಚುನಾವಣೆಗೆ ಮುಖವಾಗಿ ಇಡಲು ಯಾರಿಗೆ ಧೈರ್ಯ?

ಅಣುಬಾಂಬ್ ವಿಷಯದಲ್ಲಿ ಗೆಳೆಯರನ್ನೇ ಕೈಬಿಟ್ಟರಂತೆ?

1957ರ ಬ್ರೈಟನ್ ಸಮಾವೇಶ. ಎಡಪಂಥದವರು ಬ್ರಿಟನ್ ಒಂದೇ ಬಾಂಬ್ ಕೆಳಗಿಡಲಿ ಅಂದರು. ತಮ್ಮ ನಾಯಕ ಬೆವನ್ ಬೆಂಬಲಿಸುತ್ತಾರೆ ಅಂದುಕೊಂಡಿದ್ದರು. ಅವರು ಎದ್ದು, ಹಾಗೆ ಮಾಡಿದರೆ ವಿದೇಶ ಮಂತ್ರಿಯನ್ನು ಮಾತುಕತೆಗೆ ಬೆತ್ತಲೆ ಕಳಿಸಿದಂತೆ ಅಂದರು. ಸಭೆ ಗದ್ದಲ. ಮೈಕೆಲ್ ಫುಟ್‌ರಂಥ ಆಪ್ತರಿಗೂ ನೋವಾಯಿತು. ಪಕ್ಷ ಒಡೆಯಬಾರದು ಅಂತ ಹಾಗೆ ಮಾಡಿದರೋ, ವಿದೇಶ ಮಂತ್ರಿಯಾಗುವ ಆಸೆಯೋ? ಎರಡೂ ಇರಬಹುದು ಅಂತ ನನಗನಿಸುತ್ತದೆ.

ಭಾರತಕ್ಕೆ, ಕನ್ನಡಿಗರಿಗೆ ಏನಾದರೂ ಸಂಬಂಧ?

ಭಾರತದ ಸ್ವಾತಂತ್ರ್ಯದ ಪರ ಇದ್ದರು. 1947ರಲ್ಲಿ ಅಧಿಕಾರ ಬಿಟ್ಟುಕೊಟ್ಟ ಸಂಪುಟದಲ್ಲಿ ಅವರೂ ಇದ್ದರು. ನೆಹರೂ ಗೆಳೆಯರು. 1950ರ ದಶಕದಲ್ಲಿ ಭಾರತಕ್ಕೂ ಬಂದಿದ್ದರು.

ಇನ್ನೊಂದು ಸಂಬಂಧ ಅವರಿಗೆ ಗೊತ್ತಿಲ್ಲದೆ ಬೆಳೆದದ್ದು. ಎನ್‌ಎಚ್‌ಎಸ್‌ಗೆ ಡಾಕ್ಟರು ಸಾಲಲಿಲ್ಲ. 1975ರ ತನಕ ಭಾರತದ ಎಂಬಿಬಿಎಸ್‌ಗೆ ಅಲ್ಲಿ ನೇರ ಮನ್ನಣೆ ಇತ್ತು. ಸಾವಿರಾರು ಜನ ಹೋದರು. ಲಂಡನ್ನಿನ ಹೆಸರಾಂತ ಆಸ್ಪತ್ರೆಗಳಲ್ಲಿ ಜಾಗ ಸುಲಭವಿರಲಿಲ್ಲ. ಅಲ್ಲಿನ ಡಾಕ್ಟರುಗಳು ಹೋಗಲು ಒಲ್ಲದ ಗಣಿ ಕಣಿವೆಗಳಲ್ಲಿ ಸಿಕ್ಕಿತು. ಹೀಗೆ ವೇಲ್ಸ್‌ನ ಕಣಿವೆಗಳಲ್ಲಿ ಎಷ್ಟೋ ವರ್ಷ ಊರ ಡಾಕ್ಟರು ಅಂದರೆ ಭಾರತದವರು. ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲ್ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡಿ, ಬೆವನ್‌ರ ಲೇಬರ್ ಪಕ್ಷದಿಂದಲೇ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮೇಯರ್ ಆದರು. ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಹಿಂದೆ ಇದ್ದವರು ಅವರೇ.

ಕೊನೆ ದಿನಗಳು?

1959ರಲ್ಲಿ ಪಕ್ಷದ ಉಪನಾಯಕರಾದರು. ಅದೇ ಡಿಸೆಂಬರ್‌ನಲ್ಲಿ ಆಪರೇಷನ್, ಹೊಟ್ಟೆಯ ಕ್ಯಾನ್ಸರ್. 1960ರ ಜುಲೈ 6ರಂದು ಚೆಶಮ್ ಹತ್ತಿರದ ತಮ್ಮ ತೋಟದ ಮನೆಯಲ್ಲಿ ತೀರಿಕೊಂಡರು. 62 ವರ್ಷ. ಎನ್‌ಎಚ್‌ಎಸ್‌ಗೆ ಹಿಂದಿನ ದಿನವಷ್ಟೇ 12 ತುಂಬಿತ್ತು. ಬೂದಿಯನ್ನು ಟ್ರೆಡೀಗರ್ ಮೇಲಿನ ಗುಡ್ಡದಲ್ಲಿ ತೂರಿದರು.

ಟ್ರೆಡೀಗರ್‌ಗೆ ಹೋದರೆ ನೋಡಲು ಏನಿದೆ?

ಊರ ನಡುವೆ ಸರ್ಕಲ್‌ನಲ್ಲಿ 72 ಅಡಿಯ ಎರಕದ ಕಬ್ಬಿಣದ ಗಡಿಯಾರ ಕಂಬ, 1858ರದ್ದು. ಅದರ ಎದುರಿಗೇ ಮೆಡಿಕಲ್ ಏಡ್ ಸೊಸೈಟಿ ಇದ್ದ ಕಟ್ಟಡ. ಲೈಬ್ರರಿ ಇದ್ದ ಇನ್‌ಸ್ಟಿಟ್ಯೂಟ್ ಈಗಿಲ್ಲ, ಕೆಡವಿದ್ದಾರೆ.

ಅಲ್ಲಿಂದ ಎಬು ವೇಲ್ ಕಡೆಗೆ ಏರಿದರೆ ವಾನ್-ಇ-ಪೌಂಡ್ ಅನ್ನುವ ಗಾಳಿ ಗುಡ್ಡ. ಬೆವನ್ ಬಯಲಲ್ಲಿ ನಿಂತು ಭಾಷಣ ಮಾಡುತ್ತಿದ್ದ ಜಾಗ. ಅಲ್ಲಿ ನಾಲ್ಕು ಸುಣ್ಣಕಲ್ಲು ನಿಲ್ಲಿಸಿದ್ದಾರೆ. ನಡುವಿನ ದೊಡ್ಡದು ಬೆವನ್. ಸುತ್ತಲಿನ ಮೂರು ಅವರ ಕ್ಷೇತ್ರದ ಊರುಗಳು: ಎಬು ವೇಲ್, ರಿಮ್ನಿ, ಟ್ರೆಡೀಗರ್. ತಮ್ಮ ಹೋಗಿ ವಿಡಿಯೋ ಕಳಿಸಿದ್ದ. ಗಾಳಿ ಶಬ್ದಕ್ಕೆ ಅವನ ಮಾತು ಒಂದೂ ಕೇಳಿಸಲಿಲ್ಲ. ಹೋಗುವವರು ಟೋಪಿ, ಮಳೆ ಕೋಟು ಮರೆಯಬೇಡಿ.